ಮೀಸೆ ನೋಡಿ ತಂಡ ಕಟ್ಟಬೇಡಿ

ಜೂನಿಯರ್ ತಂಡ ಆರಿಸೋಕೆ ಕೂತವರು ಮೊದಲು ನೋಡಬೇಕಾದ್ದು ಹುಡುಗನ ಕೈಯಲ್ಲಿ ಆಟ ಇದೆಯಾ ಅಂತ. ಎತ್ತರ ಎಷ್ಟು, ತೂಕ ಎಷ್ಟು, ಹೇಳಿದ ಮಾತು ಕೇಳ್ತಾನಾ, ಇವೆಲ್ಲ ಆಮೇಲಿನ ಮಾತು. ಮಂಡ್ಯ ತಾಲ್ಲೂಕಿನ ಕಬಡ್ಡಿ ತಂಡಕ್ಕೂ ಅಷ್ಟೇ, ಕೆನಡಾ ದೇಶದ ಐಸ್ ಹಾಕಿ ತಂಡಕ್ಕೂ ಅಷ್ಟೇ. ರಿಟೈರ್ ಆದ ಪಿಟಿ ಮೇಷ್ಟ್ರಿಗೆ ಐಸ್ ಹಾಕಿ ಯಾಕೆ ಬೇಕಿತ್ತು ಅಂತ ನಗಬೇಡಿ. ಪೋಸ್ಟ್ ಉದ್ದ ಇದೆ, ಪುರುಸೊತ್ತಿದ್ದರೆ ಓದಿ.

ಮಗಳ ಬಾಣಂತನಕ್ಕೆ ಅಂತ ನಮ್ಮ ಮನೆಯವರು ಒಟ್ಟಾವಾಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ಬಾಣಂತಿ ಇರೋ ಮನೆಯಲ್ಲಿ ಗಂಡಸಿಗೇನು ಕೆಲಸ? ಹೊರಗೆ ಕಾಲಿಟ್ಟರೆ ಕಿವಿ ಉದುರಿ ಹೋಗುವಂಥ ಚಳಿ. ಸುಮ್ನೆ ಟೀವಿ ಮುಂದೆ ಕೂತೆ. ಅದೃಷ್ಟಕ್ಕೆ 2024ರ ಡಿಸೆಂಬರ್ 26ಕ್ಕೆ ಅದೇ ಊರಲ್ಲಿ ವಿಶ್ವ ಜೂನಿಯರ್ ಐಸ್ ಹಾಕಿ ಶುರುವಾಯಿತು. 20 ವರ್ಷದೊಳಗಿನ ಹುಡುಗರ ಟೂರ್ನಿ, 10 ದೇಶ. ಈ ಟೂರ್ನಿಯಲ್ಲಿ ಕೆನಡಾ 20 ಸಲ ಚಿನ್ನ ಗೆದ್ದಿದೆ. ನಮ್ಮಲ್ಲಿ ಐಪಿಎಲ್ ಬಂದಾಗ ಆಗೋ ಗಲಾಟೆ ಅಲ್ಲಿ ಕ್ರಿಸ್‌ಮಸ್ ಮಾರನೇ ದಿನದಿಂದ ಶುರು.

ಹಾಕಿ ಗೊತ್ತಿರೋರಿಗೆ ಆಟ ಅರ್ಥ ಆಗೋಕೆ ಜಾಸ್ತಿ ಹೊತ್ತು ಬೇಕಾಗಿಲ್ಲ. ಚೆಂಡಿನ ಬದಲು ಸುಮಾರು 170 ಗ್ರಾಂ ತೂಗುವ ಗಟ್ಟಿ ರಬ್ಬರಿನ ಬಿಲ್ಲೆ, ಅದೇ ಪಕ್. ಒಂದು ಹೊತ್ತಿಗೆ ಗೋಲ್‌ಕೀಪರ್ ಸೇರಿ 6 ಜನ ಆಡುತ್ತಾರೆ. ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಿ, ಕಟ್ಟೆ ಹಾರಿ ಆಚೆ ಬಂದು ಕೂರುತ್ತಾರೆ. ಇನ್ನೊಂದು ಗುಂಪು ಹಾರಿ ಒಳಗೆ ಹೋಗುತ್ತದೆ. ಅಷ್ಟಕ್ಕೂ ಆಟ ನಿಲ್ಲೋದಿಲ್ಲ. ಅದಕ್ಕೇ ತಂಡ ದೊಡ್ಡದು, 25 ಹುಡುಗರು. 25 ಜಾಗ ಇದ್ದ ಮೇಲೆ ಆಟ ಗೊತ್ತಿರೋ ಹುಡುಗ ಯಾಕೆ ಹೊರಗೆ ಉಳೀತಾನೆ ಅಂತೀರಾ? ಅಲ್ಲೇ ಇರೋದು ಕಥೆ.

ಮೈಕೆಲ್ ಮೀಸಾ ಅಂತ ಒಬ್ಬ ಹುಡುಗ. ಆ ಸೀಸನ್‌ನಲ್ಲಿ ಒಂಟಾರಿಯೊ ಲೀಗ್‌ನಲ್ಲಿ 134 ಪಾಯಿಂಟ್ (ಗೋಲು ಹೊಡೆದರೂ ಒಂದು, ಗೋಲಿಗೆ ಪಾಸ್ ಕೊಟ್ಟರೂ ಒಂದು) ಮಾಡಿ ಎಲ್ಲರಿಗಿಂತ ಮುಂದೆ ನಿಂತವನು. ಝೇನ್ ಪಾರೆಖ್ ಅಂತ ಇನ್ನೊಬ್ಬ, ಆಡೋದು ಡಿಫೆನ್ಸ್‌ನಲ್ಲಿ. ಡಿಫೆಂಡರ್ ಆಗಿದ್ದುಕೊಂಡೇ ಅದರ ಹಿಂದಿನ ಸೀಸನ್‌ನಲ್ಲಿ 33 ಗೋಲು ಹೊಡೆದಿದ್ದ. ಇಬ್ಬರೂ ಕೆನಡಾ ತಂಡದಲ್ಲಿ ಇಲ್ಲ. ಬೆಕೆಟ್ ಸೆನೆಕೆ ಅನ್ನೋ ಹುಡುಗನನ್ನು ಆ ವರ್ಷ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ (ಅಮೆರಿಕ, ಕೆನಡಾದ ದೊಡ್ಡ ವೃತ್ತಿಪರ ಲೀಗಿನ ಕ್ಲಬ್ಬುಗಳು ಸರದಿ ಪ್ರಕಾರ ಹುಡುಗರನ್ನು ಆರಿಸಿಕೊಳ್ಳೋದು) ಮೂರನೆಯವನಾಗಿ ಆರಿಸಿಕೊಂಡಿದ್ದರು. ಅವನೂ ಇಲ್ಲ. ಅಳಿಯಂದಿರು ಸಾಫ್ಟ್‌ವೇರ್‌ನವರು, ಕೆ.ಆರ್. ಪೇಟೆ ಕಡೆಯವರು, ಈಗ ಹಾಕಿ ಹುಚ್ಚು ಹಿಡಿದಿದೆ. "ಮಾವ, ಗೋಲು ಹೊಡೆಯೋರ್ನ ಮನೇಲಿ ಬಿಟ್ಬುಟ್ಟು ಬಂದವ್ರೆ" ಅಂದರು. "ಯಾಕಂತೆ ಅಳಿಯಂದ್ರೆ?" ಅಂದೆ. "ತಂಡದಲ್ಲಿ ಎಲ್ರೂ ಗೋಲು ಹೊಡೆಯೋರೇ ಆದ್ರೆ ಎದುರಾಳೀನ ತಡೆಯೋರು ಯಾರು ಅಂತ."

ಆ ವಾದ ಹೊಸದಲ್ಲ. ಹೋಬಳಿ ಮಟ್ಟದಿಂದ ಜಿಲ್ಲಾ ಮಟ್ಟದವರೆಗೆ ಸೆಲೆಕ್ಷನ್ ಟೇಬಲ್‌ನಲ್ಲಿ ಕೂತವನಿಗೆ ಅದು ಕೇಳಿ ಕೇಳಿ ಸಾಕಾಗಿದೆ.

ಮೊದಲ ಪಂದ್ಯದಲ್ಲಿ ಫಿನ್ಲೆಂಡ್ ಮೇಲೆ 4-0 ಗೆಲುವು. ಎಲ್ಲರೂ ಸುಮ್ಮನಾದರು. ಮಾರನೇ ದಿನ ಲಾಟ್ವಿಯಾ ಜೊತೆ ಆಟ. ಲಾಟ್ವಿಯಾ ಅಂದರೆ ಇಡೀ ದೇಶದ ಜನ ಸೇರಿದರೂ ಹೆಚ್ಚುಕಮ್ಮಿ ನಮ್ಮ ಮಂಡ್ಯ ಜಿಲ್ಲೆಯಷ್ಟು! ಕೆನಡಾ ಹುಡುಗರು ಗೋಲಿನ ಕಡೆ ಹೊಡೆದದ್ದೇ ಹೊಡೆದದ್ದು. ಲಾಟ್ವಿಯಾ ಗೋಲ್‌ಕೀಪರ್ ಫೆಲ್ಡ್‌ಬರ್ಗ್ಸ್ 50ಕ್ಕೂ ಹೆಚ್ಚು ಹೊಡೆತ ತಡೆದ. ಬಂದ ಪಕ್‌ಗಳು ಎಲ್ಲ ಅವನ ಎದೆಗೆ, ಪ್ಯಾಡಿಗೆ. ಮೂಲೆ ಹುಡುಕಿ ಹೊಡೆಯೋ ಕೈ ಕಾಣಲಿಲ್ಲ. ಕೊನೆಗೆ ಶೂಟೌಟ್‌ನಲ್ಲಿ 3-2, ಲಾಟ್ವಿಯಾ ಗೆದ್ದಿತು. ಆಮೇಲೆ ಜರ್ಮನಿ ಮೇಲೆ 3-0, ಅಮೆರಿಕದ ಕೈಲಿ 4-1 ಸೋಲು. ಕ್ವಾರ್ಟರ್ ಫೈನಲ್‌ನಲ್ಲಿ ಜೆಕಿಯಾ (ಜೆಕ್ ಗಣರಾಜ್ಯ) 4-3ಕ್ಕೆ ಮನೆಗೆ ಕಳಿಸಿತು. ಒಂದು ನಿಮಿಷವೂ ಉಳಿದಿರಲಿಲ್ಲ, ಆಗ ಬಿತ್ತು ಕೊನೇ ಗೋಲು. ಐದು ಪಂದ್ಯಕ್ಕೆ 13 ಗೋಲು. ಹಿಂದಿನ ವರ್ಷ ಸ್ವೀಡನ್‌ನಲ್ಲೂ ಇದೇ ಜೆಕಿಯಾ, ಇದೇ ಕ್ವಾರ್ಟರ್ ಫೈನಲ್, ಅದೂ ಕೊನೇ ಗಳಿಗೆಯ ಗೋಲೇ. ಎರಡೂ ಸಲ ಚಿನ್ನ ಅಮೆರಿಕಕ್ಕೆ.

ಆಯ್ಕೆದಾರರ ಕಡೆಗೂ ನ್ಯಾಯ ಇದೆ. ಇಲ್ಲ ಅನ್ನೋಲ್ಲ. ಒಳ್ಳೆ ಹುಡುಗರು ಕೆಲವರು ಆಗಲೇ ಎನ್‌ಎಚ್‌ಎಲ್‌ನಲ್ಲಿ ಸಂಬಳಕ್ಕೆ ಆಡುತ್ತಿರುತ್ತಾರೆ. ಕ್ಲಬ್ಬಿನವರು ಬಿಟ್ಟುಕೊಡಬೇಕಲ್ಲ. ಆ ವರ್ಷ ಮ್ಯಾಕ್ಲಿನ್ ಸೆಲೆಬ್ರಿನಿ ಹಾಗೇ ಕೈತಪ್ಪಿದ. ಗುಂಪು ಗುಂಪಾಗಿ ಆಡೋ ಆಟದಲ್ಲಿ ಮೂರನೇ ನಾಲ್ಕನೇ ಗುಂಪಿನವರಿಗೆ ಎದುರಾಳಿಯ ಬೆನ್ನು ಬಿದ್ದು ತಡೆಯೋ ಕೆಲಸ ಇರುತ್ತದೆ. ಒಬ್ಬ ಫೌಲ್ ಮಾಡಿ ಎರಡು ನಿಮಿಷ ಹೊರಗೆ ಕೂತರೆ, ನಾಲ್ಕೇ ಜನ ಐದು ಜನರನ್ನು ತಡೆಯಬೇಕು. ಇದಕ್ಕೂ ಆಳು ಬೇಕು. ಆದರೆ ಗೋಲು ಹೊಡೆಯೋ ಹುಡುಗನಿಗೆ "ಈ ಹತ್ತು ದಿನ ನಿನ್ನ ಕೆಲಸ ತಡೆಯೋದು" ಅಂತ ಹೇಳಿದರೆ ಅವನು ಕಲಿಯುತ್ತಾನೆ. ಆಟ ಓದೋಕೆ ಬರುತ್ತಲ್ಲ ಅವನಿಗೆ. ತಡೆಯೋ ಹುಡುಗನಿಗೆ "ಇವತ್ತು ಗೋಲು ಹೊಡಿ" ಅಂದರೆ ಎಲ್ಲಿಂದ ತರುತ್ತಾನೆ?

ಇಲ್ಲಿ ಕೆಲವರು ಹರ್ಬ್ ಬ್ರೂಕ್ಸ್ ಹೆಸರು ಎತ್ತುತ್ತಾರೆ. 1980ರ ಒಲಿಂಪಿಕ್ಸ್‌ನಲ್ಲಿ ಕಾಲೇಜು ಹುಡುಗರನ್ನು ಕಟ್ಟಿಕೊಂಡು ಸೋವಿಯತ್ ತಂಡವನ್ನು ಸೋಲಿಸಿ ಅಮೆರಿಕಕ್ಕೆ ಚಿನ್ನ ತಂದ ಕೋಚ್. ಹೆಸರು ಮಾಡಿದವರನ್ನು ಬಿಟ್ಟು ತನಗೆ ಬೇಕಾದವರನ್ನು ಆರಿಸಿಕೊಂಡ ಅನ್ನೋದು ನಿಜ. ಆದರೆ ಆತ ಹುಡುಕಿದ್ದು ಮೈಭಾರ ಅಲ್ಲ, ಜೋರಾಗಿ ಸ್ಕೇಟ್ ಮಾಡೋ ಕಾಲು, ಪಕ್ ಬಿಡದ ಕೈ. ಅವರನ್ನು ತಿಂಗಳುಗಟ್ಟಲೆ ಜೊತೆಗಿಟ್ಟುಕೊಂಡು ಪಂದ್ಯದ ಮೇಲೆ ಪಂದ್ಯ ಆಡಿಸಿದ. ಜೂನಿಯರ್ ತಂಡಕ್ಕೆ ಡಿಸೆಂಬರ್ ಕ್ಯಾಂಪ್ ಅಂತ ಸಿಗೋದು ಕೆಲವೇ ದಿನ. ಅಷ್ಟರಲ್ಲಿ ಒಬ್ಬೊಬ್ಬನಿಗೆ ಒಂದೊಂದು ಪಾತ್ರ ಹೊಲಿದು ಕೊಡೋಕೆ ಆಗೋಲ್ಲ.

ಇದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಆ ಕ್ಯಾಂಪ್‌ವರೆಗೆ ಯಾರು ಬರುತ್ತಾರೆ ಅನ್ನೋದು.

ರೋಜರ್ ಬಾರ್ನ್ಸ್‌ಲಿ ಅಂತ ಕೆನಡಾದ ಮನಶ್ಶಾಸ್ತ್ರಜ್ಞ. ಲೆತ್‌ಬ್ರಿಜ್ ಊರಲ್ಲಿ ಹಾಕಿ ಪಂದ್ಯ ನೋಡಲು ಕೂತಿದ್ದಾಗ ಅವರ ಹೆಂಡತಿ ಪೌಲಾ ಕೈಯಲ್ಲಿದ್ದ ಪಂದ್ಯದ ಪುಸ್ತಿಕೆ ತಿರುವಿಹಾಕುತ್ತಿದ್ದರಂತೆ. ಆಟಗಾರರ ಹುಟ್ಟಿದ ದಿನ ನೋಡಿದರೆ ಬರೀ ಜನವರಿ, ಫೆಬ್ರವರಿ, ಮಾರ್ಚ್. ಗಂಡನಿಗೆ ತೋರಿಸಿದರು. ಬಾರ್ನ್ಸ್‌ಲಿ ಲೆಕ್ಕ ಹಾಕಿ 1985ರಲ್ಲಿ ಪ್ರಕಟಿಸಿದರು. ಕಾರಣ ಸರಳ. ಅಲ್ಲಿ ವಯಸ್ಸಿನ ಗೆರೆ ಜನವರಿ 1. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಎಂಟು ಒಂಬತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳು ಅಂದರೆ ಮೂರು ಬೆರಳಷ್ಟು ಎತ್ತರ. ದೊಡ್ಡವನನ್ನು ಕೋಚ್ ಆರಿಸುತ್ತಾನೆ. ಆರಿಸಿದವನಿಗೆ ಒಳ್ಳೆ ತಂಡ, ಜಾಸ್ತಿ ಪಂದ್ಯ, ಐಸ್ ಮೇಲೆ ಜಾಸ್ತಿ ಹೊತ್ತು. ಕೆಲವು ವರ್ಷ ಕಳೆದರೆ ಅವನು ನಿಜವಾಗಿಯೂ ಚೆನ್ನಾಗಿ ಆಡುತ್ತಾನೆ, ಕೋಚ್ "ನೋಡಿ, ನಾನು ಅವತ್ತೇ ಹೇಳಿದ್ದೆ" ಅಂತಾನೆ. 2013ರಲ್ಲಿ ರಾಬರ್ಟ್ ಡೀನರ್ ಮತ್ತು ಜೊತೆಯವರು ಎನ್‌ಎಚ್‌ಎಲ್ ಡ್ರಾಫ್ಟ್ ಕೆದಕಿ ನೋಡಿದರು. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರನ್ನು ಕ್ಲಬ್ಬುಗಳು ತಡವಾಗಿ ಆರಿಸಿದ್ದವು. ಮುಂದೆ ಅವರೇ ನಿರೀಕ್ಷೆಗಿಂತ ಹೆಚ್ಚು ಆಡಿದ್ದರು.

ನಮ್ಮ ಕಬಡ್ಡಿ ಸೆಲೆಕ್ಷನ್‌ನಲ್ಲಿ ನಾನು ಕಂಡದ್ದೂ ಇದನ್ನೇ. 14 ವರ್ಷದೊಳಗಿನವರ ಸಾಲಿನಲ್ಲಿ ಮೀಸೆ ಚಿಗುರಿದ ಹುಡುಗ ಬಂದು ನಿಂತರೆ ಟೇಬಲ್ ಹಿಂದೆ ಕೂತ ಎಲ್ಲರ ಪೆನ್ನೂ ಅವನ ಹೆಸರಿನ ಮೇಲೆ ಓಡುತ್ತದೆ. ಬಸರಾಳು ಹೋಬಳಿಯಿಂದ ಒಬ್ಬ ಹುಡುಗ ಬರುತ್ತಿದ್ದ. ಸಣಕಲ. ಚಡ್ಡಿ ಜಾರದ ಹಾಗೆ ದಾರ ಬಿಗಿದು ಕಟ್ಟಿಕೊಂಡು ರೈಡ್‌ಗೆ ಇಳಿಯುತ್ತಿದ್ದ. ಎಡಗಾಲ ಹೆಬ್ಬೆರಳು ಬೋನಸ್ ಗೆರೆ ದಾಟಿ ನೆಲ ಮುಟ್ಟುವಾಗ ಬಲಗಾಲು ಆಗಲೇ ವಾಪಸ್ ತಿರುಗಿರುತ್ತಿತ್ತು. ಮೂಲೆಯಲ್ಲಿದ್ದ ದೊಡ್ಡ ಹುಡುಗರು ಹಿಡಿಯೋಕೆ ಬಗ್ಗಿದರೆ ಅಲ್ಲಿ ಧೂಳು ಬಿಟ್ಟರೆ ಏನೂ ಇರುತ್ತಿರಲಿಲ್ಲ. ನಾನು ಅವನ ಹೆಸರು ಬರೆದೆ. ಪಕ್ಕದಲ್ಲಿ ಕೂತಿದ್ದವರು "ಮೇಷ್ಟ್ರೇ, ಜಿಲ್ಲಾ ಮಟ್ಟದಲ್ಲಿ ಒಂದು ಏಟಿಗೆ ಮುರಿದು ಹೋಗ್ತಾನೆ" ಅಂದರು. ಮತ ಹಾಕಿದ ಹಾಗೆ ಕೈ ಎತ್ತಿಸಿದರು. ಅವನು ಉಳಿಯಲಿಲ್ಲ. ಅದರ ಮುಂದಿನ ವರ್ಷ ಅವನು ಸೆಲೆಕ್ಷನ್‌ಗೇ ಬರಲಿಲ್ಲ. ಮೀಸೆಯ ಹುಡುಗ ಹೈಸ್ಕೂಲ್ ಮುಗಿಸೋ ಹೊತ್ತಿಗೆ ಉಳಿದವರೂ ಅವನಷ್ಟೇ ಬೆಳೆದಿದ್ದರು, ಅವನ ಆಟವೂ ಅಲ್ಲಿಗೆ ನಿಂತಿತು.

(ಬಾರ್ನ್ಸ್‌ಲಿ ಸಾಹೇಬರು ಲೆತ್‌ಬ್ರಿಜ್ ಬಿಟ್ಟು ಮದ್ದೂರಿಗೋ ಮಳವಳ್ಳಿಗೋ ಬಂದಿದ್ದರೆ ತಲೆ ಕೆಟ್ಟು ಹೋಗಿರೋದು. ನಮ್ಮ ಕಾಲದ ಶಾಲೆ ದಾಖಲಾತಿ ತೆಗೆದು ನೋಡಿದರೆ ಅರ್ಧ ಕ್ಲಾಸು ಜೂನ್ 1ಕ್ಕೇ ಹುಟ್ಟಿದೆ. ಹೆಡ್‌ಮಾಸ್ಟರ್ ಬರೆದುಕೊಂಡದ್ದೇ ಜನ್ಮದಿನ. ನನ್ನದೂ ಅದೇ, ಶುಭಾಶಯ ಹೇಳೋರು ಅವತ್ತೇ ಹೇಳಿ. ಈಗ ಕ್ರಿಕೆಟ್‌ನವರು ಕಿರಿಯರ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಸುಳ್ಳು ಸರ್ಟಿಫಿಕೇಟು ಅದರಲ್ಲಿ ಸಿಕ್ಕಿಬೀಳುತ್ತೆ. ಹನ್ನೊಂದು ತಿಂಗಳು ದೊಡ್ಡವನಾಗಿರೋದು ಸುಳ್ಳಲ್ಲವಲ್ಲ, ಅದಕ್ಕೆ ಎಕ್ಸ್‌ರೇ ಇಲ್ಲ.)

ಕೆನಡಾದವರೇ ಒಮ್ಮೆ ಸರಿಯಾಗಿ ಆರಿಸಿದ ಉದಾಹರಣೆಯೂ ಇದೆ. 1978ರ ವಿಶ್ವ ಜೂನಿಯರ್ ಟೂರ್ನಿ ಹೊತ್ತಿಗೆ, ಮುಂದೆ ಐಸ್ ಹಾಕಿಯಲ್ಲಿ ದೊಡ್ಡ ಹೆಸರು ಮಾಡಿದ ವೇಯ್ನ್ ಗ್ರೆಟ್ಸ್ಕಿಗೆ ಇನ್ನೂ 16. ಕಡ್ಡಿ ಹುಡುಗ. ಮೂರು ನಾಲ್ಕು ವರ್ಷ ದೊಡ್ಡವರ ಮಧ್ಯೆ ಆಡಿಸಿದರು. ಆ ಟೂರ್ನಿಯಲ್ಲಿ 17 ಪಾಯಿಂಟ್ ಮಾಡಿ ಎಲ್ಲರಿಗಿಂತ ಮುಂದೆ ನಿಂತ. 2023ರಲ್ಲಿ ಕಾನರ್ ಬೆಡಾರ್ಡ್ 17ನೇ ವಯಸ್ಸಿಗೆ 7 ಪಂದ್ಯದಲ್ಲಿ 23 ಪಾಯಿಂಟ್ ಮಾಡಿದ, ಕೆನಡಾ ಚಿನ್ನ ಗೆದ್ದಿತು. ಅವನು ಹುಟ್ಟಿದ್ದು ಜುಲೈನಲ್ಲಿ.

ನಮ್ಮ ದೇಶಕ್ಕೆ ಬರೋಣ. ಭಾರತ 1989ರಿಂದಲೇ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯ ಅಂದರೆ ಎಷ್ಟೋ ಜನ ನಂಬೋಲ್ಲ. ಹೆಣ್ಣುಮಕ್ಕಳ ತಂಡ 2016ರಲ್ಲಿ ಮೊದಲ ಸಲ ಹೊರದೇಶದಲ್ಲಿ ಆಡಿತು, 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಕಪ್ ಕಂಚು ತಂದಿತು. ಆಡೋರು ಹೆಚ್ಚಿನವರು ಲಡಾಖಿನವರು, ಹಿಮಾಚಲದ ಸ್ಪಿತಿ ಕಡೆಯವರು. ಅವರಿಗೆ ಕೆರೆ ಕುಂಟೆ ಹೆಪ್ಪುಗಟ್ಟಿ ಐಸ್ ಸಿಗೋದೇ ವರ್ಷಕ್ಕೆ ಎರಡು ತಿಂಗಳ ಆಸುಪಾಸು. ಡೆಹ್ರಾಡೂನ್‌ನಲ್ಲಿ 2011ಕ್ಕೆ ಕಟ್ಟಿದ ದೊಡ್ಡ ಐಸ್ ರಿಂಕ್ (ಸ್ಕೇಟ್ ಮಾಡೋ ಅಂಗಳ) ವರ್ಷಗಟ್ಟಲೆ ಬೀಗ ಹಾಕಿಕೊಂಡಿತ್ತು, 2025ರಲ್ಲಿ ಮತ್ತೆ ತೆರೆದರು. ಇಲ್ಲಿ ಮೈಸೂರಲ್ಲಿ ಏನಿದೆ? ಚಕ್ರದ ಸ್ಕೇಟ್ ಕಟ್ಟಿಕೊಂಡು ಬೆಳಗ್ಗೆ ಐದೂವರೆಗೆ ರಿಂಕಿಗೆ ಬರೋ ಮಕ್ಕಳಿದ್ದಾರೆ. ಬ್ಯಾಗು ಹೊತ್ತು ಗೋಡೆ ಪಕ್ಕ ನಿಂತು ಕಾಫಿ ಕುಡಿಯೋ ಅಪ್ಪ ಅಮ್ಮ ಇದ್ದಾರೆ. ಈ ಮಕ್ಕಳ ಕಾಲಿನಲ್ಲಿ ವೇಗ ಇದೆ, ತಿರುವಿನಲ್ಲಿ ಮೈ ವಾಲಿಸೋ ಧೈರ್ಯ ಇದೆ.

ಇಂಥ ಮಗುವನ್ನು ನೇರ ಲೇಹ್‌ಗೆ ಕರೆದುಕೊಂಡು ಹೋಗಿ ಒಂದು ಗಂಟೆ ಐಸ್ ಮೇಲೆ ನಿಲ್ಲಿಸಿ "ಆಗೋಲ್ಲ" ಅಂದುಬಿಟ್ಟರೆ ಏನು ಆಯ್ಕೆ? ಸಮುದ್ರಮಟ್ಟದಿಂದ 3500 ಮೀಟರ್ ಎತ್ತರ, ಉಸಿರೇ ಸಿಗೋಲ್ಲ. ಐಸ್ ಮೇಲೆ ಜೋರಾಗಿ ಬರ್ತಾ ಥಟ್ಟನೆ ನಿಲ್ಲೋಕೆ ಎರಡೂ ಪಾದ ಅಡ್ಡ ತಿರುಗಿಸಿ ಬ್ಲೇಡಿನ ಅಂಚಿನಿಂದ ಐಸನ್ನು ಕೆರೆಯಬೇಕು, ಪುಡಿ ಹಾರಬೇಕು. ಚಕ್ರದ ಮೇಲೆ ಹಾಗೆ ಮಾಡಿದರೆ ಮುಗ್ಗರಿಸೋದು ಖಂಡಿತ. ಹಾಗಾಗಿ ಆ ಮಗುವಿಗೆ ಅದು ಅಭ್ಯಾಸ ಇಲ್ಲ, ಕಲಿಸಿದರೆ ಬರುತ್ತದೆ. ಲಡಾಖಿನ ಹುಡುಗನದು ಬೇರೆ ಕಷ್ಟ. ಅಣ್ಣನ ಹಳೇ ಸ್ಕೇಟ್, ಅಳತೆಗೆ ಸರಿಯಿಲ್ಲದ ಪ್ಯಾಡ್ ಹಾಕಿಕೊಂಡು ಬಂದಿರುತ್ತಾನೆ. ಮೊದಲು ಅವರವರ ಊರಿನ ನೆಲದ ಮೇಲೆ ನೋಡಿ. ತಲೆ ಎತ್ತಿ ಆಡ್ತಾನಾ, ಪಕ್ ಕೋಲಿಗೆ ಅಂಟಿಕೊಂಡಿರುತ್ತಾ, ಖಾಲಿ ಜಾಗ ಕಣ್ಣಿಗೆ ಬೀಳುತ್ತಾ, ಇಷ್ಟು ಗೊತ್ತಾಗೋಕೆ ಚಕ್ರದ ರಿಂಕೇ ಸಾಕು. ಆಮೇಲೆ ಎಲ್ಲರಿಗೂ ಒಂದೇ ಥರದ ಸಾಮಾನು ಕೊಟ್ಟು ಕೆಲವು ವಾರ ಐಸ್ ಮೇಲೆ ಇಟ್ಟು ಆರಿಸಿ.

ಆರಿಸಿದ ಮೇಲೆ ಬಿಟ್ಟವರಿಗೆ ಕಾರಣ ಹೇಳಿ. ನನ್ನ ಜಗಳ ಜಾಸ್ತಿ ಇರೋದೇ ಇಲ್ಲಿ. ನಮ್ಮ ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ ಹೋಗಿ ನೋಡಿ. ಪೈಲ್ವಾನರು ಎದುರುಬದುರು ನಿಲ್ಲುತ್ತಾರೆ. ತೂಕ, ವಯಸ್ಸು, ಹಿಂದೆ ಆಡಿದ ಕುಸ್ತಿ ಎಲ್ಲವನ್ನೂ ಉಸ್ತಾದರು ಎಲ್ಲರ ಮುಂದೆ ತೂಗಿ ನೋಡುತ್ತಾರೆ. ಜೋಡಿ ಸರಿಯಿಲ್ಲ ಅನಿಸಿದರೆ ಗರಡಿಯವರು ಅಲ್ಲೇ ಕೂಗಾಡುತ್ತಾರೆ. ಮಕ್ಕಳ ಸೆಲೆಕ್ಷನ್‌ನಲ್ಲಿ ಏನಾಗುತ್ತದೆ? ಗೋಡೆಗೆ ಒಂದು ಪಟ್ಟಿ ಅಂಟಿಸಿ ಮೇಷ್ಟ್ರುಗಳು ಜೀಪು ಹತ್ತುತ್ತಾರೆ. ಹೆಸರು ಇಲ್ಲದ ಹುಡುಗ ಮೇಲಿಂದ ಕೆಳಗೆ ಎರಡು ಸಲ ಓದಿ ಬಸ್ ಸ್ಟ್ಯಾಂಡ್ ಕಡೆ ನಡೆಯುತ್ತಾನೆ. ಹರ್ಬ್ ಬ್ರೂಕ್ಸ್ ವಿಷಯ ಹೇಳಿದೆನಲ್ಲ, 1960ರ ಒಲಿಂಪಿಕ್ ತಂಡದಿಂದ ಕೊನೇ ಗಳಿಗೆಯಲ್ಲಿ ಅವರನ್ನೇ ಕೈಬಿಟ್ಟಿದ್ದರು. ಆ ತಂಡ ಚಿನ್ನ ಗೆದ್ದಿತು. 1980ರಲ್ಲಿ ರಾಲ್ಫ್ ಕಾಕ್ಸ್ ಅನ್ನೋ ಹುಡುಗನನ್ನು ಕೊನೆಗೆ ಕೈಬಿಡಬೇಕಾಗಿ ಬಂದದ್ದು ಅದೇ ಬ್ರೂಕ್ಸ್‌ಗೆ.

ಕಾರಣ ಬರೆದು ಕೊಡಿ, ಎರಡೇ ಸಾಲು ಸಾಕು. "ಹಿಂದಕ್ಕೆ ಸ್ಕೇಟ್ ಮಾಡೋದು ನಿಧಾನ, ಎಡಗಡೆಯಿಂದ ಪಾಸ್ ತಗೊಳೋಕೆ ಬರಲ್ಲ, ಮುಂದಿನ ವರ್ಷ ಬಾ." ಇಷ್ಟು ಬರೆಯೋಕೆ ಆಗದಿದ್ದರೆ ಆ ಹುಡುಗನ ಆಟವನ್ನು ನೀವು ನೋಡಿಲ್ಲ ಅಂತ ಅರ್ಥ. ನಾನು ಈ ಮಾತು ಹಿಂದೆ ಒಂದು ಮೀಟಿಂಗ್‌ನಲ್ಲಿ ಹೇಳಿದಾಗ ದೊಡ್ಡವರೊಬ್ಬರು, "ಕಾರಣ ಬರೆದುಕೊಟ್ರೆ ಅಪ್ಪಂದಿರು ಜಗಳಕ್ಕೆ ಬರ್ತಾರೆ ಮೇಷ್ಟ್ರೇ" ಅಂದರು. ಬರಲಿ ಬಿಡಿ ಸ್ವಾಮಿ. ಕಾರಣ ಕೊಡದೇ ಇದ್ದಾಗಲೂ ಬರ್ತಾನೇ ಇದ್ದರಲ್ಲ, ಅದೂ ಮುಖಂಡರ ಹತ್ರ ಫೋನ್ ಮಾಡಿಸಿ.