ನನ್ನ ಡಾಕ್ಟರ್ ಪ್ಯಾಟ್ರಿಕ್ ಟ್ರೌಟನ್

'ಡಾಕ್ಟರ್ ಹೂ' ನೋಡುವ ಇಬ್ಬರು ಸಿಕ್ಕರೆ ಮಾತು ಶುರುವಾಗುವುದೇ ಹೀಗೆ: ನಿಮ್ಮ ಡಾಕ್ಟರ್ ಯಾರು? ಒಬ್ಬರು ಡೇವಿಡ್ ಟೆನೆಂಟ್ ಅಂತಾರೆ, ಇನ್ನೊಬ್ಬರು ಮ್ಯಾಟ್ ಸ್ಮಿತ್ ಅಂತಾರೆ. ನಾನು ಪ್ಯಾಟ್ರಿಕ್ ಟ್ರೌಟನ್ ಅಂದ ಕೂಡಲೇ ಎದುರಿನವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಎರಡನೇ ಡಾಕ್ಟರಾ? ಆ ಕಪ್ಪು-ಬಿಳುಪು ಕಾಲದವನಾ? ಹೌದು, ಅವನೇ.

ನೋಡದವರಿಗಾಗಿ ಎರಡು ಮಾತು. ಬಿಬಿಸಿ 1963ರ ನವೆಂಬರ್‌ನಲ್ಲಿ ಶುರು ಮಾಡಿದ ಧಾರಾವಾಹಿ ಇದು. ಡಾಕ್ಟರ್ ಬೇರೆ ಲೋಕದವನು. ಅವನ ಟಾರ್ಡಿಸ್ ಹೊರಗಿನಿಂದ ನೀಲಿ ಪೊಲೀಸ್ ಪೆಟ್ಟಿಗೆ, ಒಳಗೆ ಹೋದರೆ ಮುಗಿಯದಷ್ಟು ದೊಡ್ಡದು. ಅದರಲ್ಲಿ ಕೂತು ಯಾವ ಕಾಲಕ್ಕಾದರೂ, ಯಾವ ಗ್ರಹಕ್ಕಾದರೂ ಹೋಗುತ್ತಾನೆ. ಸಾಯುವ ಹಾಗಾದಾಗ ಮೈಯೇ ಬದಲಾಗಿ ಹೊಸ ಮುಖದೊಂದಿಗೆ, ಅಂದರೆ ಹೊಸ ನಟನಾಗಿ, ಏಳುತ್ತಾನೆ.

ಈಗ ನಮಗೆ ಇದು ಮಾಮೂಲು. ಮುಂದಿನ ಡಾಕ್ಟರ್ ಯಾರು ಅಂತ ಕಾಯುವುದೇ ಒಂದು ಸಂಭ್ರಮ. ಆದರೆ 1966ರಲ್ಲಿ ಟಿವಿ ಮುಂದೆ ಕೂತ ಮಕ್ಕಳಿಗೆ ಹೀಗೂ ಆಗಬಹುದು ಅನ್ನುವುದೇ ಗೊತ್ತಿರಲಿಲ್ಲ. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಿತ್ತು. ಅಕ್ಟೋಬರ್ 29ರ ಶನಿವಾರ ಆ ಬಿಳಿಗೂದಲಿನ ಅಜ್ಜ ಟಾರ್ಡಿಸ್ ನೆಲಕ್ಕೆ ಬಿದ್ದರು. ಮುಖ ಬೆಳ್ಳಗೆ ಬೆಳಗಿ ಬೇರೆ ಯಾರದೋ ಮುಖ ಆಯಿತು. ಮುಂದಿನ ಶನಿವಾರ ಎದ್ದು ಕೂತವನು ಕುಳ್ಳ, ಕೆದರಿದ ಕಪ್ಪು ಕೂದಲಿನವನು. ದೊಗಳೆ ಚೌಕುಳಿ ಪ್ಯಾಂಟು. ಯಾರದೋ ಕೋಟನ್ನು ಎತ್ತಿ ಹಾಕಿಕೊಂಡ ಹಾಗಿದ್ದ.

'ನಾನೇ ಡಾಕ್ಟರ್' ಅಂತ ಅವನು ಗಟ್ಟಿಯಾಗಿ ಹೇಳಿಬಿಟ್ಟಿದ್ದರೆ ಕೆಲಸ ಸುಲಭವಾಗುತ್ತಿತ್ತು ಅಲ್ವಾ? ಟ್ರೌಟನ್ ಆ ದಾರಿಯನ್ನೇ ಹಿಡಿಯಲಿಲ್ಲ. ಕನ್ನಡಿ ನೋಡಿದರೆ ಅದರಲ್ಲಿ ಹಳೇ ಮುಖ. ಹಳೇ ಉಂಗುರ ಹಾಕಿಕೊಂಡರೆ ಬೆರಳಿಂದ ಜಾರುತ್ತದೆ. ಡಾಕ್ಟರ್ ಬಗ್ಗೆ ಮಾತಾಡುವಾಗ ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳುತ್ತಾನೆ. ಪ್ರಶ್ನೆ ಕೇಳಿದರೆ ಪುಟ್ಟ ಕೊಳಲು ತೆಗೆದು ಊದುತ್ತಾನೆ. ಜೊತೆಗಿದ್ದ ಪಾಲಿ ನಂಬುತ್ತಾಳೆ, ಬೆನ್‌ಗೆ ಅನುಮಾನ ಹೋಗುವುದೇ ಇಲ್ಲ. ಕೊನೆಗೆ ಅವನನ್ನು ಗುರುತಿಸಿದ್ದು ಯಾರು ಗೊತ್ತಾ? ಡಾಲೆಕ್. ಅವನ ಹಳೇ ವೈರಿ. ಸೇವಕನ ಸೋಗು ಹಾಕಿ ಬಂದ ಆ ಯಂತ್ರ ಅವನ ಕಡೆ ತಿರುಗಿ, ಸುಮ್ಮನೆ ದಿಟ್ಟಿಸಿ ನೋಡುತ್ತದೆ. ಗೆಳೆಯರಿಗೆ ಸಿಗದ ಗುರುತು ಶತ್ರುವಿಗೆ ಸಿಕ್ಕಿತು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

'ದಿಟ್ಟಿಸಿ ನೋಡುತ್ತದೆ' ಅಂದೆ. ಆದರೆ ಆ ಕಂತುಗಳು ಇವತ್ತು ಸಿಗುವುದಿಲ್ಲ. ಆಗ ವಿಡಿಯೋ ಟೇಪು ದುಬಾರಿ. ಹಳೇ ಧಾರಾವಾಹಿಯನ್ನು ಜನ ಮನೆಯಲ್ಲಿ ಮತ್ತೆ ನೋಡುತ್ತಾರೆ ಅಂತ ಯಾರೂ ಎಣಿಸಿರಲಿಲ್ಲ. ಬಿಬಿಸಿ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಹೀಗೆ ಹೋದವುಗಳಲ್ಲಿ ಟ್ರೌಟನ್ ಅವರ ಪಾಲೇ ಜಾಸ್ತಿ. ಉಳಿದದ್ದು ಧ್ವನಿ ಮತ್ತು ಟಿವಿ ಪರದೆಯಿಂದ ತೆಗೆದ ಒಂದಷ್ಟು ಫೋಟೋ. ಧ್ವನಿ ಉಳಿಸಿದವರು ಯಾರೋ ಹುಡುಗರು, ಮನೆಯಲ್ಲಿ ಕೂತು ಟೇಪ್ ಮಾಡಿಕೊಂಡವರು. 2016ರಲ್ಲಿ ಅದೇ ಧ್ವನಿಗೆ ಚಿತ್ರ ಬರೆದು ಅನಿಮೇಷನ್ ಮಾಡಿದರು. ನಾನು ಮಾತ್ರ ಆ ಕಥೆಯನ್ನು ಮೊದಲು ಕೇಳಿಯೇ ನೋಡಿದ್ದು.

ಕೇಳಿ ನೋಡುವುದು ನನಗೆ ಹೊಸದಲ್ಲ. ನಮ್ಮಪ್ಪ ಆಕಾಶವಾಣಿ ನಾಟಕಗಳನ್ನು ಹೀಗೇ ಟೇಪ್ ಮಾಡುತ್ತಿದ್ದರು. ರೇಡಿಯೋ ಮುಂದೆ ಟೇಪ್‌ರೆಕಾರ್ಡರ್ ಇಟ್ಟು, ಯಾರೂ ಮಾತಾಡಬೇಡಿ ಅಂತ ಕೈಸನ್ನೆ ಮಾಡುತ್ತಿದ್ದರು. ಆದರೂ ಒಂದು ಕ್ಯಾಸೆಟ್ಟಿನಲ್ಲಿ ರಾಜ ಮಾತಾಡುವ ನಡುವೆ ಕುಕ್ಕರ್ ಕೂಗುತ್ತದೆ. 'ಎಷ್ಟು ಸಲ ಕೂಗ್ತು?' ಅಂತ ಅಮ್ಮ ಕೇಳುತ್ತಾರೆ.

ಟ್ರೌಟನ್ ಅವರ ಕಲೆ ಏನು ಅಂದರೆ, ತನ್ನನ್ನು ಚಿಕ್ಕದು ಮಾಡಿಕೊಳ್ಳುವುದು. ಆಮೇಲಿನ ಕೆಲವು ಡಾಕ್ಟರ್‌ಗಳು ಆಕಾಶ ನೋಡಿ ಗುಡುಗುತ್ತಾರೆ. ನನ್ನ ಹೆಸರು ಕೇಳಿದರೇ ಸೈನ್ಯಗಳು ಓಡುತ್ತವೆ ಅಂತಾರೆ. ಅದೂ ಚಂದವೇ. ಆದರೆ ಎರಡನೇ ಡಾಕ್ಟರ್ ಮೂಲೆಯಲ್ಲಿ ನಿಂತು, ಕೈ ಕೈ ಹಿಸುಕಿಕೊಂಡು, ಪೆದ್ದನ ಹಾಗೆ ಕಾಣುತ್ತಾನೆ. ಎದುರಿನವನು ತಾನೇ ಬುದ್ಧಿವಂತ ಅಂದುಕೊಂಡು ಎಲ್ಲ ಬಾಯಿಬಿಡುತ್ತಾನೆ. ಇವನ ಕಣ್ಣು ಮಾತ್ರ ಒಂದನ್ನೂ ಬಿಟ್ಟಿರುವುದಿಲ್ಲ. ಅದೇ ಮನುಷ್ಯ 'ದಿ ಎನಿಮಿ ಆಫ್ ದಿ ವರ್ಲ್ಡ್' ಕಥೆಯಲ್ಲಿ ಡಬಲ್ ಆಕ್ಟಿಂಗ್ ಮಾಡಿ, ಸಲಮಾಂಡರ್ ಅನ್ನುವ ಸರ್ವಾಧಿಕಾರಿಯೂ ಆಗಿದ್ದಾರೆ. ಆ ಪಾತ್ರದಲ್ಲಿ ಬೆನ್ನು ನೆಟ್ಟಗೆ, ನೋಟವೇ ಬೇರೆ. ಒಂದು ಕಂತು ಬಿಟ್ಟು ಉಳಿದದ್ದೆಲ್ಲ ಕಳೆದೇ ಹೋಗಿದ್ದ ಆ ಕಥೆಯ ಫಿಲ್ಮು ನೈಜೀರಿಯಾದಲ್ಲಿ ಸಿಕ್ಕಿದ ಸುದ್ದಿ 2013ರಲ್ಲಿ ಬಂತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದೇ ಒಂದು ನೋಡಿ ಅಂದರೆ ನಾನು 'ದಿ ಟೂಂಬ್ ಆಫ್ ದಿ ಸೈಬರ್‌ಮೆನ್' ಕೊಡುತ್ತೇನೆ. 1967ರದ್ದು, ನಾಲ್ಕೇ ಕಂತು. ಇದೂ ಕಳೆದುಹೋಗಿ 1991ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿತು. ಮ್ಯಾಟ್ ಸ್ಮಿತ್ ಡಾಕ್ಟರ್ ಆಗುವ ಮೊದಲು ಇದನ್ನು ನೋಡಿ ಮನಸೋತಿದ್ದರು. ಅವರ ಬೋ ಟೈ ಬಂದಿದ್ದು ಇಲ್ಲಿಂದಲೇ.

ಅದರಲ್ಲಿ ಒಂದು ರಾತ್ರಿಯ ದೃಶ್ಯ ಇದೆ. ವಿಕ್ಟೋರಿಯಾ ಅನ್ನುವ ಹುಡುಗಿ ಕಾವಲು ಕೂತಿದ್ದಾಳೆ. ಸ್ವಲ್ಪ ದಿನದ ಹಿಂದೆ ಅಪ್ಪನನ್ನು ಕಳೆದುಕೊಂಡವಳು. ಡಾಕ್ಟರ್ ಎದ್ದು ಪಕ್ಕಕ್ಕೆ ಬರುತ್ತಾನೆ. ನಿನಗೆ ನಿನ್ನ ಮನೆಯವರ ನೆನಪೇ ಇರಲಿಕ್ಕಿಲ್ಲ ಅನ್ನುತ್ತಾಳೆ ಅವಳು. ಇದೆ, ಆದರೆ ಬೇಕು ಅಂದಾಗ ಮಾತ್ರ ಅನ್ನುತ್ತಾನೆ. ಮನಸ್ಸಿಟ್ಟು ಕರೆದರೆ ಅವರು ಕಣ್ಣ ಮುಂದೆ ಬರುತ್ತಾರೆ, ಉಳಿದ ಹೊತ್ತು ಮನಸ್ಸಿನೊಳಗೆ ಮಲಗಿರುತ್ತಾರೆ. ನಿನಗೂ ಹಾಗೇ ಆಗುತ್ತದೆ. ಇಷ್ಟೇ. ಹಿನ್ನೆಲೆಯಲ್ಲಿ ಅಳಿಸುವ ಸಂಗೀತ ಇಲ್ಲ. ದನಿ ಏರುವುದಿಲ್ಲ. ಮಗುವಿಗೆ ಹೊದಿಕೆ ಸರಿ ಮಾಡುವ ಹಾಗೆ ಮಾತಾಡುತ್ತಾರೆ ಟ್ರೌಟನ್.

ಅಮ್ಮ ತೀರಿಹೋದ ವರ್ಷ ನಾನು ಈ ದೃಶ್ಯವನ್ನು ಎಷ್ಟು ಸಲ ನೋಡಿದೆನೋ ಲೆಕ್ಕ ಇಟ್ಟಿಲ್ಲ. ಆಮೇಲೆ ಒಂದು ದಿನ ಅಪ್ಪನ ಆ ಕ್ಯಾಸೆಟ್ ಹುಡುಕಿ ಟೇಪ್‌ರೆಕಾರ್ಡರ್‌ಗೆ ಹಾಕಿದೆ. ಎಷ್ಟು ಸಲ ಕೂಗ್ತು?

ಟ್ರೌಟನ್ ಡಾಕ್ಟರ್ ಆಗಿದ್ದು ಮೂರು ವರ್ಷ. ಅಷ್ಟರಲ್ಲಿ 119 ಕಂತು. ವರ್ಷಕ್ಕೆ 40ಕ್ಕೂ ಜಾಸ್ತಿ ವಾರ ದುಡಿಮೆ. ಐದನೇ ಡಾಕ್ಟರ್ ಆದ ಪೀಟರ್ ಡೇವಿಸನ್ ಅವರಿಗೂ ಮೂರೇ ವರ್ಷ ಇರು ಅಂತ ಬುದ್ಧಿ ಹೇಳಿದ್ದರು. ತಾವು 1969ರಲ್ಲಿ 'ದಿ ವಾರ್ ಗೇಮ್ಸ್' ಮುಗಿಸಿ ಹೊರಟರು. ಹತ್ತು ಕಂತಿನ ದೊಡ್ಡ ಕಥೆ. ಪುಣ್ಯಕ್ಕೆ ಹತ್ತೂ ಉಳಿದಿವೆ.

ಕೊನೆಯ ಕಂತಿನಲ್ಲಿ ಟೈಮ್ ಲಾರ್ಡ್‌ಗಳು, ಅಂದರೆ ಡಾಕ್ಟರ್‌ನ ಕುಲದವರೇ, ಅವನನ್ನು ವಿಚಾರಣೆಗೆ ನಿಲ್ಲಿಸುತ್ತಾರೆ. ಜೊತೆಗಾರರಾದ ಜೇಮಿ, ಝೋಯಿ ಇಬ್ಬರನ್ನೂ ಅವರವರ ಕಾಲಕ್ಕೆ ಕಳಿಸುತ್ತಾರೆ. ಹೊರಡುವಾಗ ಜೇಮಿ ಹೇಳುತ್ತಾನೆ, ನಿನ್ನನ್ನು ಮರೆಯಲ್ಲ ಅಂತ. ಆದರೆ ಇವನೊಂದಿಗಿನ ಮೊದಲ ಸಾಹಸ ಒಂದನ್ನು ಬಿಟ್ಟು ಉಳಿದ ನೆನಪನ್ನೆಲ್ಲ ಅಳಿಸುತ್ತಾರೆ. 1746ರ ಸ್ಕಾಟ್ಲೆಂಡಿನ ಯುದ್ಧದ ಬಯಲಲ್ಲಿ ಜೇಮಿ ಏನೂ ಆಗದವನ ಹಾಗೆ ಕತ್ತಿ ಹಿಡಿದು ಓಡುತ್ತಾನೆ. ಡಾಕ್ಟರ್ ಅದನ್ನು ಪರದೆಯ ಮೇಲೆ ನೋಡುತ್ತಾ ನಿಂತಿದ್ದಾನೆ. ಅವನಿಗೆ ಎಲ್ಲವೂ ನೆನಪಿದೆ.