ನಿನ್ನೆ ಒಳಗೆ ಬಿಟ್ಟವನನ್ನು ಇವತ್ತು ಯಾಕೆ ತಡೆದಿರಿ?

ಇವತ್ತಿಗೆ ನನ್ನ ತಾಳ್ಮೆ ಮುಗಿಯಿತು. ನಮ್ಮ ಲಾರಿಯ ಕ್ಲೀನರ್ ಹುಡುಗನ ಆಧಾರ್‌ನಲ್ಲಿ ಹೆಸರಿನ ಜೊತೆ ಇನಿಷಿಯಲ್ ಇದೆ, ಪಾಸಿನಲ್ಲಿ ಇಲ್ಲ. ಅಷ್ಟಕ್ಕೇ ಬಂದರಿನ ಗೇಟಿನಿಂದ ಲಾರಿ ವಾಪಸ್! ಹಿಂದೆ ಸಾಲುಗಟ್ಟಿ ಲಾರಿಗಳು ನಿಂತಿವೆ, ರಿವರ್ಸ್ ತೆಗೆಯುವುದಾದರೂ ಎಲ್ಲಿಗೆ?

ನಿನ್ನೆಯೂ ಇದೇ ಲಾರಿ, ಇದೇ ಡ್ರೈವರ್, ಇದೇ ಹುಡುಗ ಒಳಗೆ ಹೋಗಿ ಬಂದಿದ್ದಾರೆ. ಬೆಳಗಾಗುವಷ್ಟರಲ್ಲಿ ಅವನು ಬೇರೆಯವನಾಗಿಬಿಟ್ಟನೇ? ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ, ಹೊಗೆ ತಪಾಸಣೆ ಚೀಟಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಪಾಸ್ ಮಾಡಿಸಿದ ಮೇಲೂ ಕಿಟಕಿಯಲ್ಲಿ ಮತ್ತೆ ಜೆರಾಕ್ಸ್ ಕೇಳುತ್ತಾರೆ. ಜೆರಾಕ್ಸ್ ಅಂಗಡಿ ಒಂದು ಕಿಲೋಮೀಟರ್ ಹಿಂದೆ. ಸರ್ವರ್ ಡೌನ್ ಆದ ದಿನವಂತೂ ಊಟವೂ ಇಲ್ಲ, ಶೌಚಾಲಯವೂ ಇಲ್ಲ.

ಹಡಗು, ಬಂದರುಗಳ ಭದ್ರತೆಯ ಐಎಸ್‌ಪಿಎಸ್ ನಿಯಮ 2004ರ ಜುಲೈ 1ರಿಂದಲೇ ಜಾರಿಯಲ್ಲಿದೆ. ಇಷ್ಟು ವರ್ಷವಾದರೂ ದಿನಾ ಬರುವವನ ಗುರುತು ಹಿಡಿಯಲು ಆಗುವುದಿಲ್ಲವೇ?

ಟಾರ್ಪಾಲಿನ ಹಗ್ಗ ಎಳೆದೆಳೆದು ಗುಳ್ಳೆ ಎದ್ದ ಕೈಯಲ್ಲಿ ಪಾಸ್ ಹಿಡಿದು, ಸುಡುವ ಬಿಸಿಲಲ್ಲಿ ಆ ಹುಡುಗ "ನಾನೇ ಸರ್, ನಾನೇ" ಎನ್ನುತ್ತಾ ನಿಂತಿದ್ದ. ಕಿಟಕಿಯೊಳಗಿನವರು ತಲೆ ಎತ್ತಿ ನೋಡಲೂ ಇಲ್ಲ.