ಮಸಿ ಬಳಿಸಿಕೊಂಡ ಮನೆಯಲ್ಲಿ ಕ್ರಿಸ್‌ಮಸ್

ಬ್ರಿಟನ್ ಪ್ರಧಾನಿಯ ಮನೆ, ಲಂಡನ್ನಿನ ಡೌನಿಂಗ್ ಸ್ಟ್ರೀಟಿನ 10ನೇ ನಂಬರು, ಟಿವಿಯಲ್ಲಿ ಕಪ್ಪಗೆ ಕಾಣುತ್ತದೆ ಅಲ್ವಾ? ಅದರ ಇಟ್ಟಿಗೆ ಹಳದಿ. 1735ರಲ್ಲಿ ಮೊದಲ ಪ್ರಧಾನಿ ವಾಲ್‌ಪೋಲ್ ಒಕ್ಕಲು ಬಂದ ಮನೆ, ಊರಿನ ಹೊಗೆ ಕುಡಿದು ಕುಡಿದು ಕಪ್ಪಾಗಿತ್ತು. 1960ರ ದಶಕದ ರಿಪೇರಿಯಲ್ಲಿ ತೊಳೆದರೆ ಹಳದಿ ಹೊರಬಂತು. ಇದೇನು, ಜನಕ್ಕೆ ಗುರುತೇ ಸಿಗಲ್ಲ ಅಂತ ಮತ್ತೆ ಕಪ್ಪು ಬಣ್ಣ ಹೊಡೆಸಿದರು! ನಾವು ದೃಷ್ಟಿಯಾಗದಿರಲಿ ಅಂತ ಹೊಸ ಮನೆಗೆ ಒಂದು ಬೂದುಗುಂಬಳ ಕಟ್ಟಿ ಸುಮ್ಮನಾಗುತ್ತೇವೆ. ಇವರು ದುಡ್ಡು ಕೊಟ್ಟು ಇಡೀ ಮನೆಗೆ ತಾವೇ ಮಸಿ ಬಳಿಸಿಕೊಂಡರು.

2020ರ ಡಿಸೆಂಬರಿನಲ್ಲಿ ಅಲ್ಲಿ ಇನ್ನೊಂದು ರಿಪೇರಿ. ಈ ಸಲ ಪಕ್ಕದ 11ನೇ ನಂಬರಿನ ಮಹಡಿ ಮೇಲೆ, ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಸಂಸಾರ ಇದ್ದ ಕಡೆ. ರಿಪೇರಿಗೆ ಸರ್ಕಾರ ವರ್ಷಕ್ಕೆ 30,000 ಪೌಂಡ್ ಕೊಡುತ್ತಿತ್ತು. ಅದು ಯಾವ ಮೂಲೆಗೆ ಸಾಕು, ಪಾಪ? ಗೋಡೆಗೆ ಅಂಟಿಸುವ ಬಂಗಾರದ ಬಣ್ಣದ ಕಾಗದವೇ ಸುರುಳಿಗೆ 840 ಪೌಂಡ್ ಅಂತ ಪತ್ರಿಕೆಗಳು ಬರೆದವು. ನವೆಂಬರ್ 29ರಂದು ಜಾನ್ಸನ್, ಪಕ್ಷಕ್ಕೆ ದೇಣಿಗೆ ಕೊಡುವ ಸಾಹುಕಾರರೊಬ್ಬರಿಗೆ ವಾಟ್ಸಾಪ್ ಮಾಡಿದರು: ಮನೆ ಇನ್ನೂ ತಿಪ್ಪೆ ಥರ ಇದೆ, ಕೆಲಸ ಮುಂದುವರಿಸಲು ಒಪ್ಪಿಗೆ ಕೊಡ್ತೀರಾ ಅನ್ನುವ ಧಾಟಿಯಲ್ಲಿ. ಮೇಸ್ತ್ರಿ ಬಾಗಿಲಲ್ಲಿ ನಿಂತಾಗ ಮಾವನಿಗೆ ಫೋನ್ ಹಚ್ಚುವ ಅಳಿಯನ ದನಿಯೇ ಅದು. ಆಮೇಲೆ ಖರ್ಚನ್ನು ತಾವೇ ಕೊಟ್ಟರು ಅನ್ನಿ.

ಮೇಲೆ ತಿಪ್ಪೆ, ಕೆಳಗೆ ಹಬ್ಬ. ಕೊರೋನಾ ಕಾಲ; ಆ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಬೇರೆ ಮನೆಯವರ ಜೊತೆ ಒಳಗೆ ಕೂತು ಹರಟುವಂತಿರಲಿಲ್ಲ. 18ರ ಸಂಜೆ ಪ್ರಧಾನಿ ಕಚೇರಿಯ ಸಿಬ್ಬಂದಿ ಚೀಸು, ವೈನು, ಉಡುಗೊರೆ ಹಂಚಿಕೊಂಡರು. 19ರಂದು ಜಾನ್ಸನ್ ಟಿವಿಗೆ ಬಂದು, ಲಂಡನ್ನಿನವರು ಈ ಸಲ ಬೇರೆ ಮನೆಯವರನ್ನು ಸೇರಿಸಿಕೊಂಡು ಕ್ರಿಸ್‌ಮಸ್ ಮಾಡುವ ಹಾಗಿಲ್ಲ ಎಂದರು. 22ರಂದು ಸಿಬ್ಬಂದಿ ಪಕ್ಕದ 9ನೇ ನಂಬರಿನಲ್ಲಿ ಸೇರಿ, ಪತ್ರಕರ್ತರು ಪಾರ್ಟಿ ಬಗ್ಗೆ ಕೇಳಿದರೆ ಏನನ್ನೋಣ ಅಂತ ಕ್ಯಾಮೆರಾ ಮುಂದೆ ತಾಲೀಮು ನಡೆಸಿದರು. ಬಿಸಿನೆಸ್ ಮೀಟಿಂಗ್ ಅನ್ನೋಣ್ವಾ? ನಗುವೋ ನಗು. ಊರ ನಾಟಕದವರೂ ಸಬೂಬಿಗೆ ಇಷ್ಟು ಶ್ರದ್ಧೆಯಿಂದ ತಾಲೀಮು ಮಾಡಿದ್ದು ನಾನು ಕಂಡಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಇವರಿಗೆ ಎರಡರ ಬಿಲ್ಲೂ ಒಂದೇ ವಾರ ಬಂತು. 2021ರ ಡಿಸೆಂಬರಿನಲ್ಲಿ ಆ ತಾಲೀಮಿನ ವಿಡಿಯೋ ಹೊರಬಿತ್ತು. ಅದರ ಬೆನ್ನಿಗೇ ಚುನಾವಣಾ ಆಯೋಗ, ರಿಪೇರಿ ದುಡ್ಡಿನ ಲೆಕ್ಕ ಸರಿ ಇಟ್ಟಿಲ್ಲ ಅಂತ ಜಾನ್ಸನ್ ಪಕ್ಷಕ್ಕೆ 17,800 ಪೌಂಡ್ ದಂಡ ಹಾಕಿತು. ಪೊಲೀಸರದ್ದು ಬೇರೆ: ಆ ಬೀದಿ ಮತ್ತು ಅಕ್ಕಪಕ್ಕದ ಸರ್ಕಾರಿ ಕಚೇರಿಗಳ ಪಾರ್ಟಿಗಳಿಗೆ ಒಟ್ಟು 126 ದಂಡದ ಚೀಟಿ. ಜಾನ್ಸನ್‌ಗೂ ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್‌ಗೂ ಒಂದೊಂದು. ಕ್ರಿಸ್‌ಮಸ್‌ಗಲ್ಲ, 2020ರ ಜೂನಿನಲ್ಲಿ ಜಾನ್ಸನ್ ಹುಟ್ಟುಹಬ್ಬಕ್ಕೆ. ಅಳಿಯಂದಿರು ಮೀಟಿಂಗಿಗೆ ಸ್ವಲ್ಪ ಬೇಗ ಬಂದುಬಿಟ್ಟಿದ್ದರಂತೆ. ಹೊತ್ತಿಗೆ ಸರಿಯಾಗಿ ಹೋದವರಿಗೆ ಈ ಕಾಟ ಇಲ್ಲ ನೋಡಿ.

ಇಷ್ಟರ ನಡುವೆ ನನಗೆ ಮರೆಯಲಾಗದ್ದು, ಈ ಪಾರ್ಟಿಗಳ ತನಿಖೆ ಮಾಡಿದ ಸರ್ಕಾರಿ ಅಧಿಕಾರಿ ಸೂ ಗ್ರೇ ವರದಿಯ ಒಂದು ಸಾಲು. 18ರ ಪಾರ್ಟಿ ಮುಗಿದ ಮಾರನೇ ಬೆಳಗ್ಗೆ ಕಸ ಗುಡಿಸಲು ಬಂದವರು ಕಂಡದ್ದು: ಗೋಡೆಯ ಮೇಲೆ ಚೆಲ್ಲಿದ ಕೆಂಪು ವೈನು. ಹೊರಗೆ ಕಪ್ಪು, ಮೇಲೆ ಬಂಗಾರ, ಕೆಳಗೆ ಕೆಂಪು; ಬಣ್ಣಕ್ಕೇನೂ ಬರವಿಲ್ಲ. ಜೆರಾಕ್ಸ್ ಕಾಗದದ ಪೆಟ್ಟಿಗೆಗಳ ಮೇಲೂ ವೈನು ಚೆಲ್ಲಿತ್ತು. ಹೊಸ ನಿಯಮಗಳನ್ನು ಪ್ರಿಂಟ್ ಹಾಕಲು ತರಿಸಿದ ಕಾಗದವೇ ಇರಬೇಕು.